ಕಿಲುಬು ಹಿಡಿದ ತೋಟಾಪಟ್ಟಿ

ಅವ್ವ ಡೆನ್ವರ್‌ಗೆ ಬಂದ ವಾರದಲ್ಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ತೊಗಲಿನ ಸೊಂಟಪಟ್ಟಿ ಅವಳ ಕಣ್ಣಿಗೆ ಬಿತ್ತು. "ಹಿಂಗ್ ಕಿಲುಬು ಹಿಡದೈತಲ್ಲ ಮಗ, ಒಸಿ ಹುಣಸೆಹಣ್ಣು ಹಾಕಿ ಉಜ್ಜಿಕೊಡ್ಲಾ?" ಬೇಡವೆಂದೆ. ನಾನು ಅದನ್ನು ಕೊಂಡದ್ದೇ ಆ ಹಸಿರು ಕಲೆಗಾಗಿ.

1860ರ ದಶಕದಲ್ಲಿ ಅಮೆರಿಕದ ಸೈನಿಕರ ಕೈಗೆ ತಾಮ್ರದ ತೋಟಾ ಬಂತು. ಅದನ್ನು ಒಯ್ಯಲು ಸಿಕ್ಕಿದ್ದು ಮಾತ್ರ ಕಾಗದದ ತೋಟಾಗಳ ಕಾಲದ ಪೆಟ್ಟಿಗೆ. ಸಿಪಾಯಿಗಳು ಕಾಯಲಿಲ್ಲ. ಸೊಂಟಪಟ್ಟಿಗೆ ತಾವೇ ಕುಣಿಕೆ ಹೊಲಿದುಕೊಂಡರು. ಕ್ಯಾಪ್ಟನ್ ಆನ್ಸನ್ ಮಿಲ್ಸ್ ಇಂಥ ಪಟ್ಟಿಗೆ 1867ರಲ್ಲಿ ಪೇಟೆಂಟ್ ಪಡೆದ. ಸೈನ್ಯದ ಕಾರ್ಖಾನೆ ಅಂಥದೊಂದನ್ನು ಅಧಿಕೃತವಾಗಿ ಮಾಡಿದ್ದು 1876ರಲ್ಲಿ. ಆದರೆ ತೊಗಲನ್ನು ಹದ ಮಾಡಿದ ಒಗರು ತಾಮ್ರಕ್ಕೆ ತಗುಲಿದರೆ ಕಿಲುಬು ಏಳುತ್ತದೆ. ಕಿಲುಬು ಹಿಡಿದ ತೋಟಾ ಹಾರಿಸಿದ ಮೇಲೆ ಬಂದೂಕಿನೊಳಗೇ ಕಚ್ಚಿಕೊಳ್ಳುತ್ತಿತ್ತು, ಚಾಕುವಿನಿಂದ ಕೀಳಬೇಕಾಗುತ್ತಿತ್ತು. ಜೀವ ಉಳಿಸಲೆಂದು ಹೊಲಿದದ್ದೇ ಜೀವಕ್ಕೆ ಎರವಾಗಬಹುದಿತ್ತು.

ನನ್ನ ಪಟ್ಟಿಯಲ್ಲಿ 38 ಕುಣಿಕೆಗಳಿವೆ. ಮೊದಲ ಹತ್ತು ಅಳೆದು ಹೊಲಿದ ಹಾಗಿವೆ. ಆಮೇಲೆ ಹೊಲಿಗೆ ಉದ್ದವಾಗುತ್ತದೆ. ದೀಪ ಆರುತ್ತಿತ್ತೋ, ಬೆರಳು ನೋಯುತ್ತಿತ್ತೋ. ತಿಂಗಳಿಗೆ 13 ಡಾಲರ್ ಸಂಬಳದ ಯಾರೋ ಒಬ್ಬ, ಐರ್ಲೆಂಡಿನಿಂದಲೋ ಜರ್ಮನಿಯಿಂದಲೋ ಬಂದವನಿರಬಹುದು. ನಮ್ಮಜ್ಜ ಕುಡುಗೋಲಿನ ಹಿಡಿಗೆ ಹಳೇ ಪಂಚೆಯ ಚೂರು ಸುತ್ತಿ ದಾರ ಬಿಗಿದಿದ್ದರು. ಈ ಪಟ್ಟಿಯನ್ನು ಮೊದಲ ಸಲ ಮುಟ್ಟಿದಾಗ ನನಗೆ ಅದೇ ಹಿಡಿ ನೆನಪಾಗಿ ಗಂಟಲು ಕಟ್ಟಿತ್ತು.

ಆದರೆ ಅಜ್ಜನ ಕುಡುಗೋಲು ಕೊಯ್ದದ್ದು ರಾಗಿ. ಈ ಕುಣಿಕೆಗಳ ತೋಟಾ ಎಲ್ಲಿಗೆ ಹೋಯಿತು? 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಮೂಲನಿವಾಸಿ ಲಕೋಟಾ ಜನರದೆಂದು ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಕಂಡಿತು, 1876ರಲ್ಲಿ ಯುದ್ಧವಾಯಿತು, ಬೆಟ್ಟ ಹೋಯಿತು. 1980ರಲ್ಲಿ ಸುಪ್ರೀಂ ಕೋರ್ಟು ಹತ್ತು ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟಾಗಳು ಆ ದುಡ್ಡನ್ನು ಇಂದಿಗೂ ಮುಟ್ಟಿಲ್ಲ. ಅವರಿಗೆ ಬೇಕಾದದ್ದು ನೆಲ.

ಇದು ನನ್ನನ್ನು ಬಿಡದೆ ಕಾಡುತ್ತದೆ. ಅವರು ದುಡ್ಡು ಪಡೆದು ಲೆಕ್ಕ ಮುಗಿಸಲು ಒಪ್ಪಲಿಲ್ಲ. ನಾನು ದುಡ್ಡು ಕೊಟ್ಟು ಈ ಪಟ್ಟಿ ನನ್ನದಾಯಿತು ಎಂದುಕೊಂಡೆ. ಮಾಡಿದವನ ಕರ್ಮ ಮಾಡಿದವನಿಗೆ ಎಂದು ಕೇಳಿಕೊಂಡೇ ಬೆಳೆದವನು ನಾನು. ಆದರೂ ಆ ಸಿಪಾಯಿಯ ಹೊಲಿಗೆಯನ್ನು ಪ್ರೀತಿಸುತ್ತ, ಆ ಹೊಲಿಗೆ ಯಾತಕ್ಕೆಂಬುದಕ್ಕೆ ಮಾತ್ರ ಬೆನ್ನು ತಿರುಗಿಸಿದರೆ, ಆ ಕರ್ಮದಲ್ಲಿ ನನಗೂ ಪಾಲು ಬರುತ್ತದೆ ಎಂದೇ ನನ್ನ ನಂಬಿಕೆ. ಕೈಚಳಕ ಒಂದು ಕಡೆ, ಕೊಲೆ ಇನ್ನೊಂದು ಕಡೆ ಎಂದು ಬೇರೆ ಮಾಡಲು ನನಗೆ ಆಗುವುದಿಲ್ಲ. ಅವೆರಡೂ ಒಂದೇ ದಾರದಲ್ಲಿವೆ.

ಆಯುಧಪೂಜೆಯ ದಿನ ಅವ್ವ ಕಾರಿಗೆ, ಚಾಕುಗಳಿಗೆ, ನನ್ನ ಸ್ಪ್ಯಾನರ್ ಪೆಟ್ಟಿಗೆಗೆ ಕುಂಕುಮವಿಟ್ಟಳು. ಬಟ್ಟಲು ಹಿಡಿದು ಪಟ್ಟಿಯ ಮುಂದೆ ನಿಂತಳು. ಅಷ್ಟೂ ಕಥೆ ಹೇಳಿದೆ.

"ಹೊಲ್ದೋನ್ ಹೆಸರು ಗೊತ್ತಾ?"

"ಇಲ್ಲವ್ವ."

"ಸತ್ತೋರ್ದು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕುಂಕುಮವಿಡಲಿಲ್ಲ. ಬಟ್ಟಲನ್ನು ದೇವರ ಮುಂದಿಟ್ಟು ಬಂದು, ಗಾಜಿನ ಬಾಗಿಲು ತೆಗೆದು, ಬರಿಯ ಬೆರಳಲ್ಲಿ ಒಂದೊಂದೇ ಕುಣಿಕೆಯನ್ನು ಮುಟ್ಟುತ್ತ ಹೋದಳು. ಮೂವತ್ತೆಂಟನೆಯದನ್ನು ಮುಟ್ಟುವ ತನಕ ಮಾತಾಡಲಿಲ್ಲ.