ಹಾಳೆ ದೋಣಿಗೆ ಹಬೆ

ಅಡಿಕೆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಹೇಳಿದ ಹಾಗೆ ಬಾಗುತ್ತದೆ. ಎರಡೂ ತುದಿ ಮಡಚಿ, ತೆಂಗಿನ ಕಡ್ಡಿ ಚುಚ್ಚಿ ಬಿಗಿದು, ನೆರಳಿನಲ್ಲಿ ಒಣಗಿಸಿದರೆ ಮೊಳದುದ್ದದ ದೋಣಿ ಸಿದ್ಧ. ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಈ ಬೇಸಿಗೆ ರಜೆಗೆ ಮಗಳ ಮಗ ಬಂದಾಗ ಅದಕ್ಕೊಂದು ಹಬೆ ಎಂಜಿನ್ ಕೂರಿಸಿದೆವು. ಅದು ನನ್ನ ಬಹುದಿನದ ಆಸೆಯೂ ಆಗಿತ್ತು.

ಆ ಎಂಜಿನ್‌ನಲ್ಲಿ ಇರುವುದು ಒಂದೇ ಒಂದು ತಾಮ್ರದ ನಳಿಗೆ. ಫ್ರಿಜ್ ರಿಪೇರಿ ಅಂಗಡಿಯಲ್ಲಿ 3 ಮಿಲಿಮೀಟರ್ ದಪ್ಪದ್ದು ಒಂದು ಮೊಳ ಸಿಕ್ಕಿತು. ಬರಿದಾಗಿ ಬಗ್ಗಿಸಿದರೆ ನಳಿಗೆ ನಡುವೆ ನಜ್ಜಿ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಒಳಗೆ ಪುಡಿ ಉಪ್ಪು ಗಟ್ಟಿಯಾಗಿ ತುಂಬಿ, ಬಾಯಿಗೆ ಮೇಣ ಮೆತ್ತಿ, ದಪ್ಪ ಪೆನ್ನಿನ ಸುತ್ತ ಮೂರು ಸುತ್ತು ಸುತ್ತಿದೆವು. ಆಮೇಲೆ ಬಿಸಿನೀರು ಹಾಯಿಸಿದರೆ ಉಪ್ಪು ಕರಗಿ ಹೊರಬರುತ್ತದೆ. ನಳಿಗೆಯ ಎರಡು ತುದಿಗಳೂ ದೋಣಿಯ ಹಿಂಭಾಗದಲ್ಲಿ ನೀರಿನೊಳಗೆ ಇಳಿದು ಹಿಂದಕ್ಕೆ ಮುಖ ಮಾಡಿರಬೇಕು. ಸುರುಳಿಯ ಕೆಳಗೆ ಮೇಣದ ಬತ್ತಿ, ಬತ್ತಿಯ ಕೆಳಗೆ ಹಾಳೆ ಸುಡದಂತೆ ಒಂದು ಡಬ್ಬಿಯ ಮುಚ್ಚಳ. ಸಿರಿಂಜಿನಿಂದ ಒಂದು ತುದಿಗೆ ನೀರು ತುಂಬುತ್ತಾ ಹೋಗಿ, ಇನ್ನೊಂದು ತುದಿಯಲ್ಲಿ ಗುಳ್ಳೆಯಿಲ್ಲದೆ ನೀರು ಬಂದಾಗ ಎರಡನ್ನೂ ಬೆರಳಲ್ಲಿ ಮುಚ್ಚಿ ತೊಟ್ಟಿಯಲ್ಲಿ ಇಳಿಸಬೇಕು. ಗಾಳಿ ಉಳಿದರೆ ದೋಣಿ ಕದಲುವುದಿಲ್ಲ. ನಮ್ಮದು ಮೊದಲ ನಾಲ್ಕು ಸಲ ಕದಲಲಿಲ್ಲ. ಐದನೆಯ ಸಲ ಹಿಂದೆ ನೀರು ನಡುಗಿತು, ಆಮೇಲೆ ಹಾಳೆ ತಾನಾಗಿ ಹೊರಟಿತು.

ಹಬೆ ದೋಣಿ ಕಟ್ಟಬೇಕೆಂಬ ಆಸೆಯಿದ್ದವರು ಇಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡವರಿಗೆ ಸಂಕೋಚವಾಗುತ್ತದೆ, ಇದು ಮಕ್ಕಳ ಆಟವಲ್ಲವೇ ಎನ್ನಿಸುತ್ತದೆ. ಜಾತ್ರೆಗಳಲ್ಲಿ ಮಾರುತ್ತಿದ್ದ ತಗಡಿನ ದೋಣಿ ನೆನಪಿರಬಹುದು. ಅಗಲ ತಟ್ಟೆಯ ನೀರಿನಲ್ಲಿ ಟಪಟಪ ಸದ್ದು ಮಾಡುತ್ತಾ ಸುತ್ತುತ್ತಿತ್ತು. ಇಂಥ ದೋಣಿಗೆ ಥಾಮಸ್ ಪಿಯೋ ಎಂಬಾತ 1891ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದ. ನಳಿಗೆಯ ತುದಿಗೆ ಪುಟ್ಟ ತಟ್ಟೆಯಂಥ ಪೆಟ್ಟಿಗೆ ಇಟ್ಟು, ಅದರ ಮೇಲೆ ಅತಿ ತೆಳುವಾದ ಲೋಹದ ಪೊರೆ ಕೂರಿಸುವ ಬಗೆಗೆ 1915ರಲ್ಲಿ ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ ಅರ್ಜಿ ಹಾಕಿದ. ಟಪಟಪ ಎನ್ನುವುದು ಆ ಪೊರೆಯೇ, ಉಬ್ಬಿ ತಗ್ಗುವಾಗ. ನಮ್ಮ ಸುರುಳಿಗೆ ಪೊರೆಯಿಲ್ಲ, ಹಾಗಾಗಿ ಸದ್ದೂ ಇಲ್ಲ. ಹುಡುಗನಿಗೆ ಅದೊಂದೇ ಬೇಸರ.

ಒಳಗೆ ನಡೆಯುವುದು ಇಷ್ಟು. ಸುರುಳಿಯ ನೀರು ಕುದಿದು ಹಬೆಯಾಗುತ್ತದೆ. ಕುದಿವ ನೀರು ಹಬೆಯಾದಾಗ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ, ಆದ್ದರಿಂದ ನಳಿಗೆಯಲ್ಲಿ ಮುಂದಿರುವ ನೀರನ್ನು ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡ ನೀರು ಓಟದ ರಭಸಕ್ಕೆ ಸ್ವಲ್ಪ ಹೆಚ್ಚೇ ದೂರ ಹೋಗುತ್ತದೆ. ಹಿಂದೆ ಬಂದ ಹಬೆಗೆ ನಳಿಗೆಯ ತಣ್ಣನೆಯ ಭಾಗ ತಾಗಿ ಅದು ಮತ್ತೆ ನೀರಾಗುತ್ತದೆ, ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಮತ್ತೆ ಕುದಿ, ಮತ್ತೆ ತಳ್ಳು. ಸೆಕೆಂಡಿಗೆ ಹಲವು ಸಲ.

ಹುಡುಗ ಇದನ್ನು ಕೇಳಿ ಸುಮ್ಮನಾಗಲಿಲ್ಲ. “ಅಜ್ಜ, ಎಷ್ಟು ನೀರು ಉಗೀತದೋ ಅಷ್ಟೇ ನೀರು ಎಳ್ಕೊಳ್ತದಲ್ಲ? ಹಾಗಾದ್ರೆ ಮುಂದೆ ಹೋಗಿದ್ದು ಹಿಂದೆ ಬರ್ಬೇಕಲ್ಲ?”

ಈ ಪ್ರಶ್ನೆ ನನಗೆ ಅವನ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ನಾನು ಅವನನ್ನು ಹಳೆ ಅಡುಗೆಮನೆಗೆ ಕರೆದೊಯ್ದು ಊದುಗೊಳವೆ ಕೈಗೆ ಕೊಟ್ಟೆ. ಊದಿದ. ಗೇಣು ದೂರದ ಕೆಂಡ ಒಂದೇ ಗೆರೆಯಲ್ಲಿ ಕೆಂಪಗಾಯಿತು, ಬೂದಿ ಹಾರಿತು. ಕೊಳವೆಯನ್ನು ಅಲ್ಲೇ ಹಿಡಿದು ಮೆಲ್ಲಗೆ ಉಸಿರು ಎಳೆದುಕೋ ಎಂದೆ. ಬೂದಿ ಮಿಸುಕಲಿಲ್ಲ. ಊದಿದ ಗಾಳಿ ಬಾಣದ ಹಾಗೆ ಒಂದೇ ದಿಕ್ಕಿಗೆ ಹೋಗುತ್ತದೆ, ಎಳೆದ ಗಾಳಿ ಬಾಯಿಯ ಸುತ್ತಲಿನ ಎಲ್ಲ ಕಡೆಯಿಂದಲೂ ಬರುತ್ತದೆ. ನೀರಿಗೂ ಅದೇ ನ್ಯಾಯ. ಹಿಂದಕ್ಕೆ ಚಿಮ್ಮಿದ ನೀರಿನ ಒದೆತ ದೋಣಿಗೆ ದಕ್ಕುತ್ತದೆ, ಒಳಬರುವ ನೀರು ದೋಣಿಯನ್ನು ಅಷ್ಟು ಬಲವಾಗಿ ಹಿಂದಕ್ಕೆ ಎಳೆಯಲಾರದು. ಹುಡುಗ ಮತ್ತೆ ನಾಲ್ಕು ಸಲ ಊದಿದ. ಮುಖವೆಲ್ಲ ಬೂದಿ.

ಇಷ್ಟು ಗೊತ್ತಾದ ಮೇಲೆ ಮುಂದಿನ ಹೆಜ್ಜೆಗೆ ಮನಸ್ಸು ಹಾತೊರೆಯುತ್ತದೆ: ಬಾಯ್ಲರ್, ಪಿಸ್ಟನ್, ಹಿಂದೆ ತಿರುಗುವ ಪಂಖ. ಈ ಹುಚ್ಚಿಗೆ ನಮ್ಮಲ್ಲೂ ಹಿರಿಯರಿದ್ದಾರೆ. ಮುಂಬಯಿಯ ಹಡಗು ಕಟ್ಟುವ ವಾಡಿಯಾ ಮನೆತನದ ಅರ್ದೇಶೀರ್ ಕರ್ಸೆಟ್‌ಜಿ 1833ರಲ್ಲಿ, ಇನ್ನೂ 25ರ ಆಸುಪಾಸಿನಲ್ಲಿರುವಾಗ, 1 ಅಶ್ವಶಕ್ತಿಯ ಪುಟ್ಟ ಹಬೆ ಎಂಜಿನ್ ತಾವೇ ಕಟ್ಟಿದರು. ಅದು ಕಾರಂಜಿಗೆ ನೀರೆತ್ತುತ್ತಿತ್ತು. ಆಮೇಲೆ ಇಂಗ್ಲೆಂಡಿನಿಂದ 10 ಅಶ್ವಶಕ್ತಿಯ ಎಂಜಿನ್ ತರಿಸಿ ‘ಇಂಡಸ್’ ಎಂಬ ದೋಣಿಗೆ ಕೂರಿಸಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯ ಅವರೇ. ಕಾರಂಜಿಯ ಎಂಜಿನ್ ಮೊದಲು, ದೋಣಿ ಆಮೇಲೆ ಎಂಬ ಆ ಕ್ರಮ ನನಗೆ ತುಂಬ ಹಿಡಿಸುತ್ತದೆ.

ಎರಡನೆಯ ಮೆಟ್ಟಿಲಿಗೆ ಒಪ್ಪುವುದು ತೂಗುವ ಸಿಲಿಂಡರಿನ ಎಂಜಿನ್. ಸಿಲಿಂಡರ್ ಒಂದು ಮೊಳೆಯ ಮೇಲೆ ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ. ಒಂದು ಕಡೆ ವಾಲಿದಾಗ ಅದರ ಮೈಮೇಲಿನ ತೂತು ಹಬೆ ಬರುವ ತೂತಿಗೆ ಎದುರಾಗುತ್ತದೆ, ಇನ್ನೊಂದು ಕಡೆ ವಾಲಿದಾಗ ಹಬೆ ಹೊರಹೋಗುವ ತೂತಿಗೆ. ಬೇರೆ ವಾಲ್ವ್ ಬೇಕಿಲ್ಲ. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಹಿತ್ತಾಳೆಯಲ್ಲಿ ಮಾಡಿಸಬಹುದು. ಮಾಡಿಸಿದ ಕೂಡಲೇ ಹಬೆಗೆ ಜೋಡಿಸಬಾರದು, ಮೊದಲು ಸೈಕಲ್ ಪಂಪಿನ ಗಾಳಿಯಲ್ಲಿ ತಿರುಗಿಸಿ ನೋಡಬೇಕು. ಗಾಳಿಗೆ ತಿರುಗದ್ದು ಹಬೆಗೂ ಸರಿಯಾಗಿ ತಿರುಗದು.

ಬಾಯ್ಲರಿನ ವಿಷಯಕ್ಕೆ ಬಂದಾಗ ನನ್ನ ಮಾತು ಸ್ವಲ್ಪ ಗಡುಸಾಗುತ್ತದೆ. ಮೂವತ್ತು ವರ್ಷದ ಹಿಂದೆ ತಗಡಿನ ಡಬ್ಬಿಯೊಂದಕ್ಕೆ ರೇಡಿಯೋ ರಿಪೇರಿಯ ಸೀಸದ ಬೆಸುಗೆ ಹಾಕಿ ಬಾಯ್ಲರ್ ಎಂದು ಒಲೆಯ ಮೇಲಿಟ್ಟಿದ್ದೆ. ನೀರು ಇಳಿದದ್ದು ಗೊತ್ತಾಗಲಿಲ್ಲ. ನೀರಿಲ್ಲದ ಕಡೆ ತಗಡು ಕಾದು, ಬೆಸುಗೆ ಕರಗಿ, ಹೊಲಿಗೆ ಬಿಟ್ಟಿತು. ಹೊರಬಂದ ಹಬೆ ಕಣ್ಣಿಗೆ ಕಾಣಲೇ ಇಲ್ಲ, ಮಣಿಕಟ್ಟಿಗೆ ಮಾತ್ರ ಗೊತ್ತಾಯಿತು. ಆ ಗುರುತು ಇನ್ನೂ ಇದೆ. ಆ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಬೆಗೆ ಬೇಕಾದದ್ದು 600 ಡಿಗ್ರಿ ದಾಟಿದ ಮೇಲೆ ಕರಗುವ ಬೆಳ್ಳಿಯ ಬೆಸುಗೆ, ಮತ್ತು ಗಟ್ಟಿ ತಾಮ್ರದ ಕೊಳವೆ. ಸೇಫ್ಟಿ ವಾಲ್ವ್ ಇಲ್ಲದ ಬಾಯ್ಲರಿಗೆ ಬೆಂಕಿ ತೋರಿಸಲೇಬಾರದು. ಕುಕ್ಕರಿನ ಮುಚ್ಚಳ ನೋಡಿದ ಯಾರಿಗೂ ಅದರ ಕೆಲಸ ವಿವರಿಸಬೇಕಿಲ್ಲ.

25 ಲೀಟರಿಗಿಂತ ಚಿಕ್ಕ ಬಾಯ್ಲರುಗಳು ನಮ್ಮ ದೇಶದ ಬಾಯ್ಲರ್ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಸಮಾಧಾನ ಪಟ್ಟುಕೊಳ್ಳುವ ಸಂಗತಿ ಇದಲ್ಲ. ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ, ಆದ್ದರಿಂದ ನೋಡಬೇಕಾದವರು ನಾವೇ. ಕ್ರಮ ಸರಳವಾಗಿದೆ. ಬಾಯ್ಲರಿನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಇನ್ನಷ್ಟು ನೀರನ್ನು ಒತ್ತಿ, ಮುಂದೆ ಓಡಿಸಬೇಕೆಂದಿರುವ ಒತ್ತಡದ ಎರಡರಷ್ಟಕ್ಕೆ ಏರಿಸಿ ನಿಲ್ಲಿಸಬೇಕು. ನೀರು ಅಮುಕಿದರೆ ಕುಗ್ಗುವ ವಸ್ತುವಲ್ಲ. ಹೊಲಿಗೆ ಬಿಟ್ಟರೂ ಒಂದಿಷ್ಟು ನೀರು ಸೋರಿ ಒತ್ತಡ ಥಟ್ಟನೆ ಇಳಿಯುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಅದೇ ಹೊಲಿಗೆ ಹಬೆ ತುಂಬಿರುವಾಗ ಬಿಟ್ಟರೆ ತಾಮ್ರವೇ ಚೂರಾಗಿ ಹಾರೀತು.

ಎಣ್ಣೆ ಹಾಕುವ ಉಪಾಯವನ್ನು ಹೇಳದೆ ಬಿಡಲು ಮನಸ್ಸಿಲ್ಲ. ಹಬೆಯ ದಾರಿಗೆ ಅಂಟಿಕೊಂಡಂತೆ ಬೆರಳ ತುದಿಯಷ್ಟು ಡಬ್ಬಿ ಇರುತ್ತದೆ, ಅದರ ತುಂಬ ದಪ್ಪನೆಯ ಎಣ್ಣೆ. ಒಳಹೊಕ್ಕ ಚೂರು ಹಬೆ ತಣಿದು ನೀರಾಗಿ, ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಇಳಿದಷ್ಟೂ ಎಣ್ಣೆ ಮೇಲೇರಿ, ತೊಟ್ಟು ತೊಟ್ಟಾಗಿ ಹಬೆಗೆ ಸೇರಿ ಸಿಲಿಂಡರಿಗೆ ಹೋಗುತ್ತದೆ. ಅಲುಗುವ ಭಾಗ ಒಂದೂ ಇಲ್ಲ. ಇದನ್ನು ಮೊದಲು ಯೋಚಿಸಿದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ನಮ್ಮ ಬಾಯ್ಲರ್ ಎರಡೂವರೆ ಇಂಚು ಅಗಲ, ಐದು ಇಂಚು ಉದ್ದ. ಒಳಗೆ ಅರ್ಧ ಲೀಟರಿಗೂ ಕಡಿಮೆ ನೀರು. ಪೇಟೆಯ ಬೆಸುಗೆಯವರು ಎರಡು ತುದಿ ಮುಚ್ಚಿಕೊಟ್ಟರು. ಜಗಲಿಯಲ್ಲಿ ಕೂತು ತಣ್ಣೀರು ಒತ್ತಿದೆವು. ಗುರಿ 4 ಕಿಲೋ. ಮೂರಕ್ಕೆ ಏರುವಷ್ಟರಲ್ಲಿ ಹುಡುಗ ಕೂಗಿದ, “ಅಜ್ಜ, ಇಲ್ಲಿ ಬೆವರ್ತಾ ಇದೆ.” ಹೊಲಿಗೆಯ ಮೇಲೆ ಸಾಸಿವೆ ಕಾಳಿನಷ್ಟು ಹನಿ. ಒರೆಸಿದರೆ ಮತ್ತೆ ಮೂಡುತ್ತಿತ್ತು. ಮತ್ತೆ ಬೆಸುಗೆಗೆ ಹೋಯಿತು. ಎರಡನೆಯ ಸಲ ಬೇರೆ ಜಾಗದಲ್ಲಿ ಹನಿ. ಮೂರನೆಯ ಸಲ ಮುಳ್ಳು ನಾಲ್ಕರ ಮೇಲೆ ನಿಂತಿತು. ನಾವು ಹಲಸಿನ ಹಣ್ಣು ಬಿಡಿಸಿ ತಿಂದು, ಕೈಯ ಮೇಣ ಒರೆಸಿಕೊಂಡು ಬಂದು ನೋಡಿದರೂ ಅಲ್ಲೇ ಇತ್ತು.

ಅಷ್ಟರಲ್ಲಿ ರಜೆ ಮುಗಿಯಿತು. ಬಾಯ್ಲರನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ನಮ್ಮ ಬಾವಿಯ ನೀರು ಗಡಸು, ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಹಾಗಾಗಿ ಮಳೆ ಬಿದ್ದ ಮೇಲೆ ಹಂಚಿನ ಕೊಳೆ ತೊಳೆದುಹೋಗುವಷ್ಟು ಕಾದು, ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಎರಡು ಬಾಟಲಿ ಶುದ್ಧ ಮಳೆನೀರು ಹಿಡಿದೆ. ಅದಕ್ಕೆ ದಿನಾಂಕ ಬರೆದು ಅಂಟಿಸಿದ್ದೇನೆ. ದಸರಾ ರಜೆಗೆ ಅವನು ಬರುತ್ತಾನೆ, ಅಲ್ಲಿಯವರೆಗೆ ಬೆಂಕಿ ಹಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.