ಸೋತವನ ವಿಷಯವಾದ ಒಳ್ಳೇ ಮಾತು

ಗೆದ್ದವನನ್ನು ಹೊಗಳುವದಕ್ಕೆ ಯಾರಿಗೂ ಕಲಿಸಬೇಕಾಗಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆ. ಆದರೆ ಮೇಲಿಂದ ಮೇಲೆ ಸೋಲುತ್ತಿರುವ ಮನುಷ್ಯನನ್ನು ಕುರಿತು ಸುಳ್ಳಾಡದೆಯೂ ನೋಯಿಸದೆಯೂ ಒಂದು ಒಳ್ಳೇ ಮಾತನ್ನು ಹೇಳಬೇಕಾದರೆ ನಮ್ಮ ನಾಲಿಗೆಯು ತಡವರಿಸುತ್ತದೆ. ಅಂಥಾ ಮಾತು ನ್ಯಾಯವೋ? ಸೋಲು ಎಲ್ಲರ ಕಣ್ಣಿಗೆ ಕಾಣುತ್ತಿರುವಾಗ ಸೋತವನನ್ನು ಮೆಚ್ಚುವದು ಬರೀ ಮುಖಸ್ತುತಿಯಲ್ಲವೋ? ಈ ಪ್ರಶ್ನೆಯನ್ನು ವಿಚಾರಿಸುವದಕ್ಕೆ ಅಮೇರಿಕ ದೇಶದ ಒಂದು ಪಟ್ಟಣದ ಚೆಂಡಾಟದ ಸಂಗತಿಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ. ಆಟದ ಮಾತೆಂದು ಯಾರೂ ಅಲಕ್ಷ್ಯಮಾಡಬಾರದು; ಮನುಷ್ಯರು ಮೈಮರೆತು ಕೂಗಾಡುವ ಸ್ಥಳದಲ್ಲಿಯೇ ಅವರ ಹೃದಯವು ಚೆನ್ನಾಗಿ ಕಾಣಿಸುವದುಂಟು.

ಬಾಸ್ಕೆಟ್‌ಬಾಲ್ ಎಂಬ ಆಟವನ್ನು ಶಾಲೆಯ ಅಂಗಳದಲ್ಲಿ ನೋಡಿದವರು ನಮ್ಮಲ್ಲಿ ಅನೇಕರಿರಬಹುದು. ಐದೈದು ಮಂದಿಯ ಎರಡು ತಂಡಗಳು, ಹತ್ತು ಅಡಿ ಎತ್ತರದಲ್ಲಿ ಕಟ್ಟಿದ ಕಬ್ಬಿಣದ ಬಳೆಯೊಳಗೆ ಚೆಂಡನ್ನು ಹಾಕುವದಕ್ಕೆ ಹೋರಾಡುತ್ತವೆ. ಇದನ್ನು ಕಂಡುಹಿಡಿದವರು ಜೇಮ್ಸ್ ನೇಸ್ಮಿತ್ ಎಂಬವರು. ಮೊಂಟ್ರಿಯಲ್ ಪಟ್ಟಣದ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ದೈವಜ್ಞಾನಶಾಸ್ತ್ರವನ್ನು ಕಲಿತು, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಇವರು 1891ನೇ ಇಸವಿಯ ದಶಂಬರದಲ್ಲಿ ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿಸಿ ಹುಡುಗರನ್ನು ಆಡಿಸಿದರು. ಬುಟ್ಟಿಗೆ ಅವರ ಭಾಷೆಯಲ್ಲಿ ಬಾಸ್ಕೆಟ್ ಎನ್ನುವದರಿಂದ ಈ ಹೆಸರು ಬಂತು. ಆ ಮೇಲೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1898ರಿಂದ 1907ರ ವರೆಗೆ ಅಲ್ಲಿಯ ತಂಡವನ್ನು ನಡಿಸಿದರು. ಗೆದ್ದ ಆಟಗಳು 55, ಸೋತವು 60. ಆ ವಿಶ್ವವಿದ್ಯಾಲಯದ ತಂಡವನ್ನು ನಡಿಸಿದ ಶಿಕ್ಷಕರೊಳಗೆ ಗೆದ್ದದ್ದಕ್ಕಿಂತ ಹೆಚ್ಚು ಸೋತವರು ಇವರೊಬ್ಬರೇ. ಆಟವನ್ನು ಲೋಕಕ್ಕೆ ಕೊಟ್ಟವರ ಲೆಕ್ಕವೇ ಹೀಗಿರುವದಾದರೆ, ಗೆಲುವು ಸೋಲುಗಳ ಪಟ್ಟಿಯನ್ನು ನೋಡಿ ಮನುಷ್ಯನನ್ನು ಅಳೆಯುವವನು ಸ್ವಲ್ಪ ತಾಳಬೇಕು.

ಈಗ ನಾವು ಹೇಳಬೇಕೆಂದಿರುವ ಪಟ್ಟಣಕ್ಕೆ ಬರೋಣ. ಅದರ ಹೆಸರು ಫಿಲದೆಲ್ಫಿಯ. ಪ್ರಕಟನೆಯ ಗ್ರಂಥದಲ್ಲಿರುವ ಏಳು ಸಭೆಗಳಲ್ಲಿ ಒಂದರ ಹೆಸರನ್ನೇ ವಿಲಿಯಂ ಪೆನ್ ಎಂಬವರು ಈ ಅಮೇರಿಕದ ಪಟ್ಟಣಕ್ಕೂ ಇಟ್ಟರು. ಅದಕ್ಕೆ ಸಹೋದರಪ್ರೀತಿ ಎಂದರ್ಥ. ಆದರೆ ಅಲ್ಲಿಯ ಆಟ ನೋಡುವ ಜನರ ನಾಲಿಗೆಯು ಈ ಹೆಸರಿಗೆ ಸರಿಯಾದದ್ದೆಂದು ಹೇಳುವದು ಕಷ್ಟ. 1968ರ ದಶಂಬರದಲ್ಲಿ ಬೇರೊಂದು ಚೆಂಡಾಟದ ವೇಳೆಯಲ್ಲಿ ಕ್ರಿಸ್ಮಸ್ ತಾತನ ವೇಷ ಹಾಕಿಕೊಂಡು ಬಂದವನ ಮೇಲೆಯೂ ಅವರು ಹಿಮದ ಉಂಡೆಗಳನ್ನು ಎಸೆದು ಛೀಮಾರಿ ಹಾಕಿದರು. ಅಷ್ಟು ಮಾತ್ರವಲ್ಲ, 1972ರಲ್ಲಿ ಇದೇ ಪಟ್ಟಣದ ಬಾಸ್ಕೆಟ್‌ಬಾಲ್ ತಂಡಕ್ಕೆ ರಾಯ್ ರೂಬಿನ್ ಎಂಬವರು ಶಿಕ್ಷಕರಾಗಿ ಬಂದು, 51 ಆಟಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದದ್ದರಿಂದ, ವರುಷದ ಆಟಗಳು ಮುಗಿಯುವದಕ್ಕೆ ಮುಂಚೆಯೇ ಅವರನ್ನು ಕಳುಹಿಸಿಬಿಟ್ಟರು. ಆ ವರುಷ ತಂಡವು 82 ಆಟಗಳಲ್ಲಿ ಗೆದ್ದದ್ದು ಒಟ್ಟಿಗೆ ಒಂಭತ್ತು.

ಇಂಥಾ ಪಟ್ಟಣಕ್ಕೆ 2013ರ ಅಗೋಸ್ತು ತಿಂಗಳಲ್ಲಿ ಬ್ರೆಟ್ ಬ್ರೌನ್ ಎಂಬವರು ಶಿಕ್ಷಕರಾಗಿ ಬಂದರು. ಕೋಚ್ ಎಂದು ಇಂಥವರನ್ನು ಕರೆಯುತ್ತಾರೆ. ಇವರು ಆಸ್ತ್ರೇಲಿಯದಲ್ಲಿ ಬಹುಕಾಲ ಆಟ ಕಲಿಸಿದವರು. ಅನಂತರ ಸ್ಯಾನ್ ಅಂಟೋನಿಯೋ ಪಟ್ಟಣದ ಹೆಸರುಗೊಂಡ ತಂಡದಲ್ಲಿ ಸಹಾಯಕರಾಗಿದ್ದವರು. ಆದರೆ ಇಲ್ಲಿ ಅವರ ಕೈಗೆ ಬಂದ ಕೆಲಸವೇ ಬೇರೆ ತರದ್ದು. ಎನ್.ಬಿ.ಎ. ಎಂಬ ಅವರ 30 ತಂಡಗಳ ಕೂಟದಲ್ಲಿ ಒಂದು ನೇಮವುಂಟು. ಬಹಳವಾಗಿ ಸೋತ ತಂಡಗಳಿಗೆ ಮರುವರುಷ ಹೊಸ ಆಟಗಾರರನ್ನು ಆರಿಸುವಾಗ ಚೀಟಿಯಲ್ಲಿ ಮೊದಲನೇ ಸರತಿಯು ಬೀಳುವ ಸಂಭವವು ಹೆಚ್ಚು. ಬಡವನನ್ನು ಎತ್ತುವದಕ್ಕಾಗಿ ಮಾಡಿದ ಈ ನೇಮವನ್ನು ತಂಡದ ಆಡಳಿತಗಾರರಾಗಿದ್ದ ಸ್ಯಾಮ್ ಹಿಂಕಿ ಎಂಬವರು ಉಪಾಯವನ್ನಾಗಿ ಮಾಡಿಕೊಂಡರು. ಕೆಲವು ವರುಷ ಸೋತರೂ ಚಿಂತೆಯಿಲ್ಲ, ಒಳ್ಳೇ ಯೌವನಸ್ಥರನ್ನು ಕೂಡಿಸೋಣ ಎಂಬದೇ ಅವರ ಯೋಚನೆ. ಆದಕಾರಣ ಬ್ರೌನರು ಬರುವದಕ್ಕೆ ಮುಂಚೆಯೇ ತಂಡದ ಶ್ರೇಷ್ಠ ಆಟಗಾರನನ್ನು ಬೇರೆ ಪಟ್ಟಣಕ್ಕೆ ಕೊಟ್ಟಾಗಿತ್ತು. ಅವನಿಗೆ ಪ್ರತಿಯಾಗಿ ಬಂದ ಹುಡುಗನು ಮೊಣಕಾಲಿನ ಗಾಯದಿಂದ ಒಂದು ವರುಷ ಆಡಲಿಲ್ಲ. 2014ರಲ್ಲಿ ಆರಿಸಿದ ಜೋಯೆಲ್ ಎಂಬೀಡ್ ಎಂಬವನು ಪಾದದ ಎಲುಬು ಮುರಿದು ಎರಡು ವರುಷ ಕೂತನು. ಬ್ರೌನರ ಕೈಕೆಳಗೆ ಪಳಗಿ, ಆ ವರುಷದ ಹೊಸ ಆಟಗಾರರಲ್ಲೆಲ್ಲಾ ಉತ್ತಮನೆಂಬ ಬಿರುದನ್ನು ಪಡೆದ ಇನ್ನೊಬ್ಬನನ್ನು 2015ರ ಫೆಬ್ರುವರಿಯಲ್ಲಿ ಮತ್ತೊಂದು ತಂಡಕ್ಕೆ ಕೊಟ್ಟುಬಿಟ್ಟರು. ಸಸಿಯು ಚಿಗುರಿದ ಕೂಡಲೇ ಕಿತ್ತುಕೊಂಡು ಹೋಗುವ ಹೊಲದಲ್ಲಿ ಬೇಸಾಯ ಮಾಡಿದಂತಾಯಿತು.

ಫಲವು ಏನಾಯಿತೆಂದರೆ, ಮೊದಲನೇ ವರುಷದಲ್ಲಿ 82 ಆಟಗಳಲ್ಲಿ 19 ಗೆಲುವು, ಎರಡನೆಯದರಲ್ಲಿ 18, ಮೂರನೆಯದರಲ್ಲಿ 10. ಮೊದಲನೇ ವರುಷದಲ್ಲಿಯೇ ಎಡೆಬಿಡದೆ 26 ಆಟಗಳನ್ನು ಸೋತರು.

ಹೀಗಿರಲಾಗಿ, ಕ್ರಿಸ್ಮಸ್ ತಾತನನ್ನೂ ಬಿಡದ ಆ ಜನರು ಬ್ರೌನರನ್ನು ಬೈದು ಓಡಿಸುವರೆಂದು ಎಣಿಸಬಹುದಾಗಿತ್ತು. ಆದರೆ ಅನೇಕರು ಹಾಗೆ ಮಾಡಲಿಲ್ಲ. ಈತನ ಹುಡುಗರು ಸೋತರೂ ಓಟವನ್ನು ಬಿಡುವದಿಲ್ಲ. ಈತನು ತಪ್ಪನ್ನು ಅವರ ತಲೆಯ ಮೇಲೆ ಹೊರಿಸುವದಿಲ್ಲ. ನಿನ್ನೆ ಬಂದು ನಾಳೆ ಹೋಗುವವನಿಗೂ ಕಲಿಸುತ್ತಾನೆ ಎಂದು ಅವರು ತಮ್ಮತಮ್ಮೊಳಗೆ ಹೇಳಿಕೊಂಡರು. 2015ರ ದಶಂಬರದಲ್ಲಿ ತಂಡವು ಒಂದೇ ಒಂದು ಆಟವನ್ನು ಗೆದ್ದಿದ್ದ ಕಾಲದಲ್ಲಿ ಯಜಮಾನರು ಬ್ರೌನರ ಕರಾರನ್ನು ಮುಂದಕ್ಕೆ ಎರಡು ವರುಷ ಬೆಳಿಸಿದರು. ಜನರು ಇದಕ್ಕೆ ದಂಗೆಯೇಳಲಿಲ್ಲ.

ಈ ಮಾತುಗಳು ಮುಖಸ್ತುತಿಯೋ? ಅಲ್ಲವೆಂದು ನಮ್ಮ ಅಭಿಪ್ರಾಯ. ಸೋತವನನ್ನು ಗೆದ್ದನೆಂದು ಹೇಳುವದು ಸುಳ್ಳು. ಅವರು ಹಾಗೆ ಹೇಳಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಯಾವದು, ಇಲ್ಲದ್ದು ಯಾವದು ಎಂದು ವಿಂಗಡಿಸಿ ನೋಡಿದರು. ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಯಜಮಾನರ ಉಪಾಯಕ್ಕೆ ಸೋಲೇ ಲಾಭ. ಆದರೂ ಶಿಕ್ಷಕನು ಸಾಯಂಕಾಲ ಇಪ್ಪತ್ತು ವರುಷದ ಹುಡುಗರ ಎದುರಿಗೆ ನಿಂತು, ಇಂದು ಗೆಲ್ಲುವದಕ್ಕಾಗಿ ನಿಮ್ಮ ಶಕ್ತಿಯನ್ನೆಲ್ಲಾ ಸುರಿಯಿರಿ ಎಂದು ಹೇಳಬೇಕು. ಅವನು ಕಣ್ಣುಮುಚ್ಚಿಕೊಂಡು ಸೋಮಾರಿತನಕ್ಕೆ ಎಡೆಗೊಟ್ಟಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವೂ ಅಷ್ಟಾಗಿ ಕಾಣುತ್ತಿರಲಿಲ್ಲ. ಆದರೆ ಆ ಹುಡುಗರು ಹಾಳಾಗಿಹೋಗುತ್ತಿದ್ದರು. ಸೋಲುವದು ಒಂದು, ಸೋಲುವದನ್ನು ಕಲಿಸುವದು ಇನ್ನೊಂದು. ಒಳ್ಳೇ ಸಂಬಳ ತಕ್ಕೊಂಡು ಮಾಡಿದ ಕೆಲಸಕ್ಕೆ ಹೊಗಳಿಕೆ ಯಾಕೆಂದು ಯಾರಾದರೂ ಕೇಳಾರು. ಸಂಬಳವು ಸೋಮಾರಿಗೂ ಸಿಕ್ಕುತ್ತದಷ್ಟೆ.

ಆದರೂ ಈ ಒಳ್ಳೇ ಮಾತಿನೊಳಗೆ ಒಂದು ಹುಳ ಇದ್ದಿರಬಹುದೆಂದು ನಮಗೆ ಸಂಶಯವಿದೆ. ನಮ್ಮ ಭಾಷೆಯಲ್ಲಿ ಪಾಪ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪಾಪ, ಒಳ್ಳೆಯವನು ಎಂದು ನಾವು ಒಬ್ಬನ ವಿಷಯದಲ್ಲಿ ಹೇಳುವಾಗ, ಕನಿಕರದ ಸಂಗಡ ತಾತ್ಸಾರವೂ ಅನೇಕಸಾರಿ ಸೇರಿಕೊಂಡಿರುತ್ತದೆ. ಅವನಿಂದ ಏನೂ ಆಗಲಾರದೆಂದು ನಿಶ್ಚಯಿಸಿಕೊಂಡ ಮೇಲೆ ದಯೆ ತೋರಿಸುವದು ಸುಲಭ. ಏನನ್ನೂ ನಿರೀಕ್ಷಿಸದವನಿಗೆ ಸಿಟ್ಟು ಬರುವದಕ್ಕೆ ಕಾರಣವೇ ಇಲ್ಲ. ಫಿಲದೆಲ್ಫಿಯದವರ ಮಾತು ಯಾವ ಜಾತಿಯದೆಂಬದು ಆ ಮೂರು ವರುಷಗಳಲ್ಲಿ ತಿಳಿಯುವಂತಿರಲಿಲ್ಲ.

ಅದು ತಿಳಿಯುವ ಕಾಲವು ಬಂತು. 2016ರ ಏಪ್ರಿಲಿನಲ್ಲಿ ಹಿಂಕಿಯವರು ಕೆಲಸ ಬಿಟ್ಟರು. ಎಂಬೀಡನ ಪಾದವು ವಾಸಿಯಾಯಿತು. ಆ ವರುಷ ಆರಿಸಿದ ಬೆನ್ ಸಿಮ್ಮನ್ಸ್ ಎಂಬವನೂ ಮೊದಲನೇ ವರುಷ ಗಾಯದಿಂದ ಕೂತು ಎರಡನೆಯದರಲ್ಲಿ ಆಡಿದನು. 2017-18ರಲ್ಲಿ ತಂಡವು 52 ಆಟಗಳನ್ನು ಗೆದ್ದಿತು. ಕಡೆಯ 16ನ್ನು ಒಂದನ್ನೂ ಬಿಡದೆ ಗೆದ್ದಿತು. ಮರುವರುಷ 51. ಅದೇ ಶಿಕ್ಷಕ, ಅದೇ ರೀತಿ. ಆದರೆ ಈಗ ಜನರಿಗೆ ನಿರೀಕ್ಷೆ ಹುಟ್ಟಿತ್ತು. 2019ರ ಮೇ 12ರಲ್ಲಿ ಟೊರೊಂಟೊ ಪಟ್ಟಣದ ತಂಡದ ಎದುರಿಗೆ ಕಡೆಯ ಆಟ. ಎರಡು ಪಕ್ಷಗಳೂ 90ರಲ್ಲಿ ಸಮವಾಗಿದ್ದಾಗ, ಹೊತ್ತು ಮುಗಿಯುವ ಕ್ಷಣದಲ್ಲಿ ಕವಾಯ್ ಲೆನರ್ಡ್ ಎಂಬವನು ಮೂಲೆಯಿಂದ ಎಸೆದ ಚೆಂಡು ಬಳೆಯ ಮೇಲೆ ನಾಲ್ಕು ಸಾರಿ ಪುಟಿದು ಒಳಗೆ ಬಿತ್ತು. ನಾಲ್ಕನೆಯ ಸಾರಿ ಅದು ಹೊರಕ್ಕೆ ಪುಟಿದಿದ್ದರೆ ಆಟವು ಇನ್ನೂ ನಡೆಯುತ್ತಿತ್ತು, ಯಾರು ಗೆಲ್ಲುತ್ತಿದ್ದರೋ ತಿಳಿಯದು. ಅಂದಿನಿಂದ ಈತನನ್ನು ತೆಗೆಯಬೇಕೆಂಬ ಕೂಗು ಹೆಚ್ಚಾಗುತ್ತಾ ಹೋಯಿತು. 72 ಸೋಲುಗಳನ್ನು ತಾಳಿದವರಲ್ಲಿ ಅನೇಕರಿಗೆ ಚೆಂಡಿನ ಆ ನಾಲ್ಕು ಪುಟಿತಗಳನ್ನು ತಾಳುವದು ಕಷ್ಟವಾಯಿತು.

ಜನರದೆಲ್ಲಾ ತಪ್ಪೆಂದು ನಾವು ಹೇಳುವದಿಲ್ಲ. ಒಳ್ಳೇ ಸಾಮಾನುಗಳು ಕೈಗೆ ಬಂದ ಮೇಲೆ ಕೆಲಸಗಾರನ ತಪ್ಪು ಅವನದೇ ಆಗಿರುತ್ತದೆ. ಅದನ್ನು ಎತ್ತಿ ಹೇಳುವದು ನ್ಯಾಯ. ಆದರೆ ಹಿಂದೆ ಅವರು ಮಾಡಿದ ವಿಂಗಡಣೆಯನ್ನು, ಅಂದರೆ ಅವನ ಕೈಯಲ್ಲಿ ಇದ್ದದ್ದು ಯಾವದು, ಇಲ್ಲದ್ದು ಯಾವದು ಎಂಬದನ್ನು, ಈಗ ಮಾಡುವದಕ್ಕೆ ಯಾಕೆ ಮನಸ್ಸಿಲ್ಲದೆ ಹೋಯಿತು? ಅವನು ಬದಲಾಗಲಿಲ್ಲ, ಅವರ ಆಶೆ ಬದಲಾಯಿತು. ನಮ್ಮಲ್ಲಿಯೂ ಹೀಗೆಯೇ. ನಾಲ್ಕು ಮಕ್ಕಳಿರುವ ಶಾಲೆಯ ಮೇಷ್ಟ್ರನ್ನು ಪಾಪ ಎನ್ನುತ್ತೇವೆ. ನಮ್ಮ ಸ್ವಂತ ಮಗನು ಆ ಶಾಲೆಗೆ ಸೇರಿ ಪರೀಕ್ಷೆಯಲ್ಲಿ ಬಿದ್ದ ದಿವಸವೇ ಅದೇ ಮೇಷ್ಟ್ರು ನಮಗೆ ಅಯೋಗ್ಯನಾಗುತ್ತಾನೆ. ಆ ದಿವಸ ನಮ್ಮ ಬಾಯಿಂದ ಒಂದು ನ್ಯಾಯವಾದ ಮಾತು ಹೊರಟರೆ ಅದಕ್ಕೆ ಬೆಲೆಯುಂಟು, ಯಾಕಂದರೆ ಅದನ್ನು ಹೇಳುವದರಲ್ಲಿ ನಮಗೆ ನಷ್ಟವಿದೆ.

ಬ್ರೌನರ ಏಳು ವರುಷಗಳ ಲೆಕ್ಕವು 221 ಗೆಲುವು, 344 ಸೋಲು. 2020ರಲ್ಲಿ ಕೊರೋನಾ ರೋಗದ ನಿಮಿತ್ತ ಆಟಗಳು ನಾಲ್ಕು ತಿಂಗಳಿಗಿಂತ ಹೆಚ್ಚಾಗಿ ನಿಂತಿದ್ದು, ಆ ಮೇಲೆ ಎಲ್ಲವನ್ನೂ ಫ್ಲೋರಿಡ ಸೀಮೆಯ ಒಂದೇ ಸ್ಥಳದಲ್ಲಿ ನಡಿಸಿದರು. ಸಿಮ್ಮನ್ಸನು ಅಲ್ಲಿ ಮೊಣಕಾಲು ನೋಯಿಸಿಕೊಂಡು ತಂಡದಿಂದ ತಪ್ಪಿದನು. ಬಾಸ್ಟನ್ ಪಟ್ಟಣದವರ ಕೂಡ ಆಡಿದ ನಾಲ್ಕು ಆಟಗಳನ್ನೂ ಸೋತರು. ಅಗೋಸ್ತು 23ರಲ್ಲಿ ನಾಲ್ಕನೆಯದು ಮುಗಿಯಿತು, ಮಾರನೇ ದಿವಸ ಬ್ರೌನರನ್ನು ಕೆಲಸದಿಂದ ತೆಗೆದರು. ರೋಗದ ಭಯದಿಂದ ನೋಡುವವರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ, ಅವರು ಕಡೇ ಸಾರಿ ಅಂಗಣದಿಂದ ಹೊರಟಾಗ ಛೀ ಎನ್ನುವದಕ್ಕಾಗಲಿ ಚಪ್ಪಾಳೆ ತಟ್ಟುವದಕ್ಕಾಗಲಿ ಫಿಲದೆಲ್ಫಿಯದ ಆ ಜನರು ಅಲ್ಲಿ ಇರಲಿಲ್ಲ.