ಗಾಳಿ ಬಂದಾಗ ಯಾರು ತೂರಬೇಕು?

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ಹಿರಿಯರ ಮಾತು. ಭತ್ತದ ಅಂಗಳದಲ್ಲಿ ಹುಟ್ಟಿದ ಈ ಗಾದೆಯನ್ನು ನಾವಿಂದು ಅವಕಾಶವನ್ನು ಕೈಬಿಡಬಾರದೆಂಬ ಅರ್ಥದಲ್ಲಿ ಬಳಸುತ್ತೇವೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮೂರು ದಶಕಗಳ ಕಾಲ ಪಾಠ ಹೇಳಿದ ನಾನು ಎಷ್ಟು ಮಕ್ಕಳಿಗೆ ಇದನ್ನು ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಇದರೊಳಗೆ ಒಂದು ಧರ್ಮಸೂಕ್ಷ್ಮವೂ ಅಡಗಿದೆಯೆಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ, ಅದೂ ಊರಿನಿಂದ ಬಹುದೂರದ ಒಂದು ಸರೋವರದ ದಡದಲ್ಲಿ. ಬಂದ ಗಾಳಿ ಯಾರದು? ಅದರಲ್ಲಿ ನಮ್ಮ ಕಾಳನ್ನಷ್ಟೇ ತೂರಿಕೊಂಡರೆ ಸಾಕೆ?

ನನ್ನ ಮಗಳು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ನೆಲೆಸಿದ್ದಾಳೆ. ಮೆಂಡೋಟಾ, ಮೊನೋನಾ ಎಂಬ ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಆ ಊರಿನ ನಡುಭಾಗವಿದೆ. ಮೆಂಡೋಟಾದ ವಿಸ್ತಾರ ಸುಮಾರು 40 ಚದರ ಕಿಲೋಮೀಟರು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ, ಜನ ಅದರ ಮೇಲೆ ನಡೆದಾಡುತ್ತಾರೆ. ಹಾಯಿ ಹಿಡಿಯುವವರಿಗೆ ವರ್ಷದಲ್ಲಿ ದಕ್ಕುವುದು ಆರೇಳು ತಿಂಗಳು ಮಾತ್ರ. ಅದರಲ್ಲಿಯೂ ನಡುಬೇಸಿಗೆಯ ಗಾಳಿ ಮಂದ. ಕೆಲಸಕ್ಕೆ ಬಿಡುವು, ಮನೆಯಲ್ಲಿ ನೆಮ್ಮದಿ, ನೀರಿನ ಮೇಲೆ ತಕ್ಕ ಗಾಳಿ, ಈ ಮೂರೂ ಕೂಡಿಬರುವ ಮಧ್ಯಾಹ್ನಗಳು ಬೆರಳೆಣಿಕೆಯಷ್ಟು.

ಅಂಥ ಮಧ್ಯಾಹ್ನಗಳಲ್ಲಿ ದಡದಲ್ಲಿ ಸೇರುವ ಹತ್ತು ಹನ್ನೆರಡು ಮಂದಿಯ ಗುಂಪೊಂದಿದೆ. ಅದಕ್ಕೆ ನಾಮಫಲಕವಿಲ್ಲ, ಶುಲ್ಕವಿಲ್ಲ. ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲಿ ಹಿಡಿದು ಸಾಗುವ ವಿಂಡ್‌ಸರ್ಫಿಂಗ್ ಅವರ ಹವ್ಯಾಸ. 1984ರಲ್ಲಿ ಒಲಿಂಪಿಕ್ ಕ್ರೀಡೆಯಾದ ಈ ಆಟ ಈಗ ಇನ್ನೊಂದು ರೂಪ ತಾಳಿದೆ. ಹಲಗೆಯ ಅಡಿಗೆ ಮುಕ್ಕಾಲು ಮೀಟರಿನಷ್ಟು ಉದ್ದದ ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದಂತೆ ಮುಂದೊಂದು ಹಿಂದೊಂದು ರೆಕ್ಕೆ. ಇದಕ್ಕೆ ಫಾಯಿಲ್ ಎನ್ನುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಒಂದು ಮೊರದಷ್ಟು ಅಗಲದ ರೆಕ್ಕೆಯೇ ಮನುಷ್ಯನನ್ನು ಹಲಗೆ ಸಮೇತ ನೀರಿನಿಂದ ಮೇಲೆತ್ತಬಲ್ಲದು. ಮೇಲೆದ್ದೊಡನೆ ಹಲಗೆಗೆ ನೀರಿನ ತಡೆ ಇಲ್ಲವಾಗುತ್ತದೆ, ಸದ್ದು ಅಡಗುತ್ತದೆ. ಗಂಟೆಗೆ ಹದಿನೈದು ಹದಿನೆಂಟು ಕಿಲೋಮೀಟರಿನ ಸಾಧಾರಣ ಗಾಳಿಯಲ್ಲಿಯೂ ಹಾರುತ್ತ ಹೋಗಬಹುದು. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಇಂಥ ರೆಕ್ಕೆಯ ದೋಣಿಯನ್ನು ಓಡಿಸಿದ್ದ. ದೂರವಾಣಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವನ ಸಂಗಡಿಗರ ದೋಣಿ 1919ರಲ್ಲಿ ಕೆನಡಾದ ಸರೋವರವೊಂದರಲ್ಲಿ ಗಂಟೆಗೆ 114 ಕಿಲೋಮೀಟರು ವೇಗವನ್ನು ಮುಟ್ಟಿತ್ತು. ಹಾಯಿಹಲಗೆಗೆ ಜೋಡಿಸಿದ ಫಾಯಿಲ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು.

ನಲವತ್ತು ದಾಟಿದ ಮಗಳಿಗೆ ಇದನ್ನು ಕಲಿಯುವ ಹಂಬಲ ಹುಟ್ಟಿತು. ನಾನು ದಡದ ಬೆಂಚಿನ ಮೇಲೆ ಕುಳಿತು ಅವಳು ಬೀಳುವುದನ್ನು ನೋಡುತ್ತಿದ್ದೆ. ಈ ವಿದ್ಯೆಯಲ್ಲಿ ಏರುವುದಕ್ಕಿಂತ ಏರಿದ ಮೇಲೆ ನಿಲ್ಲುವುದು ಕಷ್ಟ. ಹಲಗೆ ಮೇಲೇಳುತ್ತಲೇ ಅಂಜಿಕೆಯಿಂದ ಮೈ ಹಿಂದಕ್ಕೆ ವಾಲುತ್ತದೆ. ವಾಲಿದರೆ ರೆಕ್ಕೆ ಇನ್ನೂ ಮೇಲಕ್ಕೇರಿ ನೀರಿನಿಂದ ಹೊರಬೀಳುತ್ತದೆ; ಎತ್ತುವ ಬಲ ಆ ಕ್ಷಣವೇ ಇಲ್ಲವಾಗಿ ಹಲಗೆ ಅಪ್ಪಳಿಸುತ್ತದೆ, ಸವಾರ ಮುಂದಕ್ಕೆ ಎಸೆಯಲ್ಪಡುತ್ತಾನೆ. ಏರುವ ಗಳಿಗೆಯಲ್ಲಿಯೇ ಮುಂಗಾಲಿಗೆ ಭಾರ ಕೊಡಬೇಕು, ಪಾದವನ್ನು ನೋಡದೆ ದೂರಕ್ಕೆ ಕಣ್ಣಿಡಬೇಕು. ಇದು ಬುದ್ಧಿಗೆ ತಿಳಿದರೂ ದೇಹ ಕೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾನು ಯಾಕೆ ಬಿದ್ದೆನೆಂಬುದು ಬಿದ್ದವರಿಗೆ ತಿಳಿಯುವುದಿಲ್ಲ. ಅದನ್ನು ಕಂಡು ಹೇಳಲು ಹತ್ತಿರದಲ್ಲಿ ಇನ್ನೊಬ್ಬರು ಬೇಕು.

ಆ ಇನ್ನೊಬ್ಬರು ಎಪ್ಪತ್ತರ ಸಮೀಪದ ಒಬ್ಬ ಹಿರಿಯರು. ಒಂದು ದಿನ ಎಲ್ಲರೂ ತಿಂಗಳಿನಿಂದ ಕಾಯುತ್ತಿದ್ದಂಥ ಗಾಳಿ ಬೀಸಿತು. ಗುಂಪಿನವರೆಲ್ಲ ದೂರದಲ್ಲಿ ಹಕ್ಕಿಗಳಂತೆ ಹಾರುತ್ತಿದ್ದರು. ಹಿರಿಯರು ಮಾತ್ರ ತಮ್ಮ ಹಲಗೆಯನ್ನು ಹುಲ್ಲಿನ ಮೇಲೆ ಮಗುಚಿಟ್ಟು, ಎದೆಮಟ್ಟದ ನೀರಿನವರೆಗೆ ಮಗಳ ಹಲಗೆಯನ್ನು ನಡೆಸಿದರು. ಅಲ್ಲಿಂದ ಮುಂದೆ ಸಣ್ಣ ದೋಣಿಯೊಂದಕ್ಕೆ ಹುಟ್ಟು ಹಾಕುತ್ತ ಅವಳ ಬೆನ್ನಿಗಿದ್ದರು. ರೆಕ್ಕೆಗೆ ನೀರಹುಲ್ಲು ಸುತ್ತಿಕೊಂಡಾಗ ಬಿಡಿಸಿಕೊಟ್ಟರು. ಬಿದ್ದಾಗಲೆಲ್ಲ ಒಂದೇ ಮಾತು: ಈ ಸಲ ಯಾವ ಕಾಲು ತಪ್ಪಿತು. ಸಂಜೆಯ ಹೊತ್ತಿಗೆ ಮಗಳು ಹತ್ತು ಎಣಿಸುವಷ್ಟು ಹೊತ್ತು ನೀರಿನ ಮೇಲೆ ಹಾರಿದಳು. ಅಷ್ಟರಲ್ಲಿ ಗಾಳಿ ಸತ್ತಿತು. ಹಿರಿಯರ ಹಲಗೆ ಇನ್ನೂ ಒಣಗಿಯೇ ಇತ್ತು.

ಅವರ ಶ್ರಮಕ್ಕೆ ಏನಾದರೂ ಕೊಡಬೇಕೆಂದು ಮಗಳು ಮುಂದಾದಳು. ನಾನು ಊರಿನಿಂದ ಒಯ್ದಿದ್ದ ಗೇರುಬೀಜದ ಪೊಟ್ಟಣವೊಂದನ್ನು ಮಾತ್ರ ಅವರು ತೆಗೆದುಕೊಂಡರು. ಉಳಿದದ್ದಕ್ಕೆ ಕೈಮಾಡಿ ಬೇಡವೆಂದರು. ತಮಗೆ ಕಲಿಸಿದಾತ ತೀರಿಕೊಂಡು ಬಹಳ ವರ್ಷಗಳಾದವೆಂದೂ, ಆತನಿಗೆ ತಾವೂ ಏನನ್ನೂ ಕೊಟ್ಟಿಲ್ಲವೆಂದೂ, ಹಾರಲು ಕಲಿತ ಮೇಲೆ ಇನ್ನೊಬ್ಬರನ್ನು ನೀರಿಗಿಳಿಸಿದರೆ ಸಾಕೆಂದೂ ಹೇಳಿದರು.

ನನಗೆ ಆಗ ನೆನಪಾದದ್ದು ನಮ್ಮ ತಾಳಮದ್ದಳೆ. ಇಪ್ಪತ್ತರ ಹರೆಯದಲ್ಲಿ ‘ಅಂಗದ ಸಂಧಾನ’ದ ಅಂಗದನಾಗಿ ನಾನು ಕುಳಿತಿದ್ದೆ; ಎದುರಿಗೆ ರಾವಣನಾಗಿ ಊರೇ ಮೆಚ್ಚಿದ ಅರ್ಥಧಾರಿ. ನಡುವೆ ನನಗೆ ಮಾತು ಕಟ್ಟಿಹೋಯಿತು. ಅವರು ಬಯಸಿದ್ದರೆ ಒಂದೇ ವಾಕ್ಯದಲ್ಲಿ ನನ್ನನ್ನು ಮುಗಿಸಿ ಸಭೆಯ ಚಪ್ಪಾಳೆ ಪಡೆಯಬಹುದಿತ್ತು. ಬದಲಾಗಿ, ಉತ್ತರವನ್ನು ತನ್ನೊಳಗೇ ಇಟ್ಟುಕೊಂಡ ಪ್ರಶ್ನೆಯೊಂದನ್ನು ಕೇಳಿದರು. ನಾನು ಬದುಕಿದೆ. ತಮ್ಮ ರಾತ್ರಿಯನ್ನು ಅವರು ನನಗೆ ಬಿಟ್ಟುಕೊಟ್ಟಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ನಮ್ಮ ಪೂರ್ವಿಕರು ಮೂರು ಋಣಗಳನ್ನು ಹೇಳಿದರು: ದೇವಋಣ, ಋಷಿಋಣ, ಪಿತೃಋಣ. ಪಿತೃಋಣ ತೀರುವುದು ಮಕ್ಕಳಿಂದ. ಋಷಿಋಣ ತೀರುವುದು ಅಧ್ಯಯನ, ಅಧ್ಯಾಪನಗಳಿಂದ. ಪಡೆದ ಕಡೆಗೇ ಹಿಂದಿರುಗಿಸುವ ಸಾಲಗಳಲ್ಲ ಇವು. ವಿದ್ಯೆಗೆ ಒಡೆತನ ಸಾಧಿಸಲು ಹೊರಟಾಗ ಏನಾಗುತ್ತದೆಂಬುದಕ್ಕೆ ಈ ಆಟದ ಚರಿತ್ರೆಯೇ ನಿದರ್ಶನ. ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ತಾನು ರೂಪಿಸಿದ ಹಾಯಿಹಲಗೆಯ ವಿವರವನ್ನು 1965ರಲ್ಲಿ ಪತ್ರಿಕೆಯೊಂದರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ. ಕ್ಯಾಲಿಫೋರ್ನಿಯಾದ ಹಾಯ್ಲ್ ಶ್ವೈಟ್ಜರ್, ಜಿಮ್ ಡ್ರೇಕ್ ಇಬ್ಬರೂ 1968ರಲ್ಲಿ ತಮ್ಮ ಹಲಗೆಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಮುಂದೆ ಇಂಗ್ಲೆಂಡಿನ ನ್ಯಾಯಾಲಯ 1985ರಲ್ಲಿ ಅಲ್ಲಿನ ಪೇಟೆಂಟನ್ನು ತಳ್ಳಿಹಾಕಿತು; 1958ರಲ್ಲಿಯೇ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡರ ಹುಡುಗ ಅಂಥದೊಂದು ಹಲಗೆಯನ್ನು ಮಾಡಿ ಕಡಲಿಗಿಳಿಸಿದ್ದನೆಂಬುದು ಒಂದು ಕಾರಣ. ಇದು ನನ್ನದು ಎಂದು ಬೇಲಿ ಹಾಕಿದ ಕಡೆಯಲ್ಲೆಲ್ಲ, ಅದಕ್ಕೂ ಮೊದಲು ನೀರಿಗಿಳಿದವನೊಬ್ಬ ಇದ್ದೇ ಇರುತ್ತಾನೆ.

ಇಲ್ಲಿಯವರೆಗಿನ ಮಾತು ಸುಲಭ. ಕಷ್ಟವಿರುವುದು ಮುಂದೆ. ಮರುವರ್ಷ ನಾನು ಮತ್ತೆ ಹೋದಾಗ ಮಗಳು ಚೆನ್ನಾಗಿ ಹಾರುತ್ತಿದ್ದಳು. ಸೆಪ್ಟೆಂಬರಿನ ಒಂದು ಶನಿವಾರ ಹದವಾದ ಗಾಳಿ ಬಂತು. ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬ ಹಲಗೆ ಹಿಡಿದು ಯಾರಾದರೂ ತೋರಿಸಿಕೊಡುವರೇ ಎಂದು ದಡದಲ್ಲಿ ನಿಂತಿದ್ದ. ಹಿರಿಯರು ಆ ದಿನ ಬಂದಿರಲಿಲ್ಲ. ಮಗಳು ಅವನನ್ನು ನೋಡಿದಳು, ತಲೆಯಾಡಿಸಿದಳು, ನೀರಿಗಿಳಿದಳು. ಎರಡು ಗಂಟೆಯ ನಂತರ ಹಿಂದಿರುಗಿದಾಗ ಹುಡುಗ ಹೋಗಿಯಾಗಿತ್ತು. ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದಳು: “ಅಪ್ಪಾ, ಇವತ್ತು ನಾನು ಮಾಡಿದ್ದು ತಪ್ಪಾ?”

“ತಪ್ಪೇನಿಲ್ಲ ಮಗಳೇ. ವಾರವಿಡೀ ದುಡಿಯುತ್ತಿ. ನಿನಗೂ ಒಂದು ಸಂಜೆ ಬೇಡವೇ?” ಎಂದೆ.

ಅಷ್ಟು ಬೇಗನೆ ಉತ್ತರ ಹೇಳಿದ್ದು ಅವಳನ್ನು ಸಮಾಧಾನಪಡಿಸಲಿಕ್ಕಲ್ಲ. ತಪ್ಪೆಂದರೆ ಆ ತೀರ್ಪು ಮೊದಲು ನನಗೇ ತಟ್ಟುತ್ತಿತ್ತು. ನಿವೃತ್ತನಾದ ವರ್ಷ ನೆರೆಮನೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಬೇರೆ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದ. “ಮಾಷ್ಟ್ರೇ, ಭಾನುವಾರ ಒಂದು ಗಂಟೆ ಇವನಿಗೆ ಕನ್ನಡ ಅಕ್ಷರ ತೋರಿಸಿಕೊಡುತ್ತೀರಾ?” ಎಂದರು. ಬಹುಕಾಲದಿಂದ ಮುಂದೂಡುತ್ತ ಬಂದ ಪುಸ್ತಕವನ್ನು ನಾನು ಆಗಷ್ಟೇ ಬರೆಯತೊಡಗಿದ್ದೆ. ನನ್ನ ಗಾಳಿ ಕೊನೆಗೂ ಬಂದಿತ್ತು. ಇದೊಂದು ಮುಗಿಯಲಿ, ಆಮೇಲೆ ನೋಡುವ ಎಂದೆ. ಅವರು ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳ ಬಳಿಕ ದೇವಸ್ಥಾನದ ಜಾತ್ರೆಯಲ್ಲಿ ಆ ಹುಡುಗ ಸಿಕ್ಕಿದ, ಮೀಸೆ ಮೂಡಿತ್ತು. ಕೈಯಲ್ಲಿದ್ದ ಕನ್ನಡದ ಆಮಂತ್ರಣವನ್ನು ನನ್ನತ್ತ ಚಾಚಿ, ಆಟ ಎಷ್ಟು ಗಂಟೆಗೆಂದು ಬರೆದಿದೆ ಎಂದು ಕನ್ನಡದಲ್ಲಿಯೇ ಕೇಳಿದ. ಓದಿ ಹೇಳಿದೆ. ವಂದಿಸಿ ಹೋದ. ಅವನ ಮುಖದಲ್ಲಿ ದೂರಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಅದೇ.

ಹಾಗಾದರೆ ಪುಸ್ತಕ ಬರೆದದ್ದು ತಪ್ಪೆ? ಮಗಳು ಹಾರಿದ್ದು ತಪ್ಪೆ? ಹಾಗೆನ್ನಲಾರೆ. ತನ್ನ ಗಾಳಿಯನ್ನೆಲ್ಲ ಪರರಿಗೇ ಬಿಟ್ಟುಕೊಡುವವನು ಕ್ರಮೇಣ ತಾನೇ ಹಾರುವುದನ್ನು ಮರೆಯುತ್ತಾನೆ, ಮರೆತವನು ಕಲಿಸುವುದೇನನ್ನು? ಋಣಕ್ಕೆ ಮಿತಿಯಿಲ್ಲದಿದ್ದರೆ ಅದು ಧರ್ಮವಾಗದೆ ಶಿಕ್ಷೆಯಾಗುತ್ತದೆ. ಆದರೆ ಆಮೇಲೆ ಎಂಬ ಮಾತಿನಲ್ಲಿ ಒಂದು ವಂಚನೆಯಿದೆ. ಕಲಿಯಬಯಸುವವನ ಗಾಳಿಯೂ ನಮ್ಮ ಗಾಳಿ ಬೀಸುವ ಹೊತ್ತಿನಲ್ಲಿಯೇ ಬೀಸುತ್ತದೆ. ನಮ್ಮದು ಮುಗಿದ ಮೇಲೆ ಅವನಿಗೆ ಉಳಿಯುವುದು ನಿಂತ ನೀರು.

ಈ ಇಕ್ಕಟ್ಟಿಗೆ ದಾರಿ ತೋರಿಸಿದ್ದೂ ಆ ದಡದ ಗುಂಪೇ. ಮಗಳು ನಡೆದದ್ದನ್ನು ಹಿರಿಯರಿಗೆ ಹೇಳಿಕೊಂಡಳಂತೆ. ಅವರು ಗದರಲಿಲ್ಲ, ತಪ್ಪು ನಿನ್ನೊಬ್ಬಳದಲ್ಲ, ಸರದಿಯನ್ನು ನಾವು ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ ಎಂದರಂತೆ. ಅಂದಿನಿಂದ ಒಳ್ಳೆಯ ಗಾಳಿಯ ದಿನ ಒಬ್ಬರು ದಡದಲ್ಲಿ ಉಳಿಯುತ್ತಾರೆ, ಮಿಕ್ಕವರು ನಿಶ್ಚಿಂತೆಯಿಂದ ಹಾರುತ್ತಾರೆ. ಒಬ್ಬನ ಹೆಗಲಿಗೆ ಭಾರವಾದ ಋಣ ಹತ್ತು ಮಂದಿಯ ನಡುವೆ ತಿಂಗಳಿಗೊಂದು ಸಂಜೆಯಷ್ಟು ಹಗುರವಾಯಿತು.

ಸಂಘವೆಂದರೆ ಇದೇ ಅಲ್ಲವೆ? 1956ರಲ್ಲಿ ಗಡಿ ಬೇರೆಯಾದಂದಿನಿಂದ ಇಲ್ಲಿ ಕನ್ನಡ ಉಳಿದಿರುವುದು ಎಲ್ಲರೂ ಎಲ್ಲವನ್ನೂ ತ್ಯಾಗಮಾಡಿದ್ದರಿಂದಲ್ಲ. ಯಾರಾದರೊಬ್ಬರು ದಡದಲ್ಲಿ ನಿಂತದ್ದರಿಂದ. ಬಹಳ ಕಾಲ ನಿಂತವರು ಅವರೇ ಮೂರು ನಾಲ್ಕು ಮಂದಿ. ಉಳಿದವರು ನಾವು ಸಮ್ಮೇಳನದ ದಿನ ಅವರಿಗೆ ಶಾಲು ಹೊದೆಸಿ ಋಣ ತೀರಿತೆಂದುಕೊಂಡೆವು.

ಊರಿಗೆ ಮರಳಿದ ಮೇಲೆ ನೆರೆಯ ಇಬ್ಬರು ನಿವೃತ್ತ ಸಹೋದ್ಯೋಗಿಗಳೊಡನೆ ಮಾತಾಡಿ ಭಾನುವಾರಗಳನ್ನು ಹಂಚಿಕೊಂಡಿದ್ದೇವೆ. ನನ್ನ ಸರದಿಗೆ ಈಗ ಐವರು ಮಕ್ಕಳು ಜಗಲಿಯ ಮೇಲೆ ಸ್ಲೇಟು ಹಿಡಿದು ಕೂರುತ್ತಾರೆ. ಜಾತ್ರೆಯಲ್ಲಿ ಕಂಡ ಆ ಹುಡುಗ ಕೆಲಸ ಹಿಡಿದು ಕೊಲ್ಲಿಯ ಕಡೆಗೆ ಹೋದನಂತೆ. ಅವನಿಗೆ ಕೊಡಬೇಕಾದ್ದನ್ನು ಇನ್ನು ಅವನಿಗೇ ಕೊಡಲಾರೆ. ಪುಸ್ತಕದ ಕೊನೆಯ ಎರಡು ಅಧ್ಯಾಯಗಳು ಬಾಕಿಯಿವೆ. ಸರದಿಯಿಲ್ಲದ ಭಾನುವಾರಗಳಲ್ಲಿ ಬರೆಯುತ್ತಿದ್ದೇನೆ.